ವಾರಂಟ್ ಇಲ್ಲದೆ ಪೊಲೀಸರು ಮನೆಯೊಳಗೆ ಬರಬಹುದೇ? ಬಿಎನ್‌ಎಸ್‌ಎಸ್ ಪ್ರಕಾರ ನಿಜವಾದ ನಿಯಮ ಏನು?

ಜಗಲಿಕಟ್ಟೆ

ವಾಟ್ಸಾಪ್‌ನಲ್ಲಿ ಎರಡು ಫಾರ್ವರ್ಡ್ ಓಡಾಡ್ತಿವೆ. ಒಂದರ ಪ್ರಕಾರ, ವಾರಂಟ್ ತೋರಿಸದೆ ಪೊಲೀಸರು ಹೊಸ್ತಿಲು ದಾಟೋ ಹಾಗೇ ಇಲ್ಲ, ಬಾಗಿಲು ಹಾಕಿಕೊಂಡುಬಿಡಿ. ಇನ್ನೊಂದರ ಪ್ರಕಾರ, 2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ, ಇನ್ನು ಮೇಲೆ ಪೊಲೀಸರಿಗೆ ವಾರಂಟೇ ಬೇಕಿಲ್ಲ. ಎರಡೂ ಸರಿ ಇರೋಕೆ ಸಾಧ್ಯವಿಲ್ಲ. ತಿಳಿದವರು ಸೆಕ್ಷನ್ ಸಮೇತ ಹೇಳಿ. ಯಾವಾಗ ಒಳಗೆ ಬರಬಹುದು, ಬಂದರೆ ಏನೇನು ಬರೆದಿಡಬೇಕು, ಬರೆಯದಿದ್ದರೆ ಏನಾಗುತ್ತೆ, ಬಾಗಿಲಲ್ಲಿ ನಿಂತ ಮನೆಯವರು ಏನು ಮಾಡಬೇಕು?

ನಾಲ್ಕನೇ_ಕೋರ್ಟ್‌ಹಾಲ್

ಎರಡೂ ತಪ್ಪು. ವಾರಂಟ್ ಇದೆಯೋ ಇಲ್ಲವೋ ಅನ್ನೋದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೆ: ಬಂದಿರೋದು ಮನುಷ್ಯನನ್ನು ಹುಡುಕಿಕೊಂಡೋ, ವಸ್ತುವನ್ನು ಹುಡುಕಿಕೊಂಡೋ? ಇವೆರಡಕ್ಕೆ ಕಾನೂನಿನ ದಾರಿಯೇ ಬೇರೆ ಬೇರೆ.

ಮನುಷ್ಯನನ್ನು ಹುಡುಕಿ ಬಂದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ, ಅಂದರೆ ಬಿಎನ್‌ಎಸ್‌ಎಸ್‌ನ, ಸೆಕ್ಷನ್ 44 (ಹಳೆಯ ದಂಡ ಪ್ರಕ್ರಿಯಾ ಸಂಹಿತೆ ಸಿಆರ್‌ಪಿಸಿಯ 47). ದಸ್ತಗಿರಿ ಮಾಡುವ ಅಧಿಕಾರ ಇರುವ ಪೊಲೀಸ್ ಅಧಿಕಾರಿಗೆ, ಬೇಕಾದ ವ್ಯಕ್ತಿ ಈ ಮನೆಯೊಳಗೆ ಹೋಗಿದ್ದಾನೆ ಅಥವಾ ಒಳಗೇ ಇದ್ದಾನೆ ಎಂದು ನಂಬಲು ಕಾರಣ ಇದ್ದರೆ, ಅವರು ಕೇಳಿದಾಗ ಮನೆಯಲ್ಲಿರುವವರು ಒಳಗೆ ಬಿಡಬೇಕು, ಹುಡುಕಲು ಅನುಕೂಲ ಮಾಡಿಕೊಡಬೇಕು. ಬಿಡದಿದ್ದರೆ? ವಾರಂಟ್ ಸಿಗಬಹುದಾದ ಪ್ರಕರಣ, ಆದರೆ ಅದನ್ನು ತರಲು ಹೋದರೆ ಆಸಾಮಿ ಪರಾರಿಯಾಗುತ್ತಾನೆ ಅನ್ನೋ ಸ್ಥಿತಿ ಇದ್ದರೆ ವಾರಂಟ್ ಇಲ್ಲದೆಯೇ ಒಳಗೆ ಹೋಗಬಹುದು. ಬಾಗಿಲು, ಕಿಟಕಿ ಒಡೆಯುವ ಅಧಿಕಾರವೂ ಇದೆ. ಅದಕ್ಕೆ ಮುಂಚೆ ತಾವು ಯಾರು, ಯಾತಕ್ಕೆ ಬಂದಿದ್ದೀವಿ ಎಂದು ಹೇಳಿ, ಬಾಗಿಲು ತೆಗೆಯಿರಿ ಎಂದು ಕೇಳಿರಬೇಕು. ಹೇಳದೆ ಕೇಳದೆ ಒದ್ದು ಒಳನುಗ್ಗೋದು 44ರಲ್ಲಿ ಇಲ್ಲ. ಇನ್ನೊಂದು, ಆ ಮನೆ ಆರೋಪಿಯದ್ದೇ ಆಗಿರಬೇಕು ಅಂತೇನೂ ಇಲ್ಲ. ನೆಂಟರ ಮನೆ, ಗೆಳೆಯರ ರೂಮು, ಯಾವುದಾದರೂ ಸರಿ.

ವಸ್ತುವನ್ನು ಹುಡುಕಿ ಬಂದಿದ್ದರೆ ಸೆಕ್ಷನ್ 185 (ಹಳೆಯ 165). ಮೂಲ ನಿಯಮ 96ರ ಅಡಿ ಕೋರ್ಟಿನಿಂದ ಶೋಧನಾ ವಾರಂಟ್ ತರೋದು. 185 ಅದಕ್ಕೆ ಅಪವಾದ. ಇವತ್ತಿನ ದಿನ ಅಪವಾದವೇ ರೂಢಿ ಆಗಿಹೋಗಿದೆ, ಅದು ಬೇರೆ ಮಾತು.

ಠಾಣಾ_ಬರಹ

185ರ ಒಳಗಿನ ಷರತ್ತುಗಳನ್ನು ಬಿಡಿಸಿ ಹೇಳ್ತೀನಿ, ಗೊಂದಲ ಆಗೋದು ಇಲ್ಲೇ.

ಶೋಧ ಮಾಡುವವರು ಠಾಣಾಧಿಕಾರಿ ಅಥವಾ ಆ ಪ್ರಕರಣದ ತನಿಖಾಧಿಕಾರಿ ಆಗಿರಬೇಕು. ಅವರಿಗೆ ತನಿಖೆ ಮಾಡುವ ಅಧಿಕಾರ ಇರುವ ಅಪರಾಧ ಆಗಿರಬೇಕು. ವಸ್ತು ಆ ಸ್ಥಳದಲ್ಲಿ ಸಿಗುತ್ತದೆ ಎಂದು ನಂಬಲು ಆಧಾರ ಇರಬೇಕು. ಬೇರೆ ರೀತಿಯಲ್ಲಿ ತರಿಸಿಕೊಳ್ಳಲು ಹೋದರೆ ಅನಗತ್ಯ ತಡವಾಗುತ್ತದೆ ಅನ್ನೋ ಸ್ಥಿತಿ ಇರಬೇಕು. ಇಷ್ಟೂ ಇದ್ದರೂ ಸಾಲದು. ಹೊರಡುವ ಮುಂಚೆ ಆ ಆಧಾರಗಳನ್ನು ಕೇಸ್ ಡೈರಿಯಲ್ಲಿ (ತನಿಖೆಯ ದಿನಚರಿಯಲ್ಲಿ) ಬರೆಯಬೇಕು, ಯಾವ ವಸ್ತುವಿಗಾಗಿ ಹುಡುಕಾಟ ಅನ್ನೋದನ್ನೂ ಆದಷ್ಟು ನಿಖರವಾಗಿ ಬರೆಯಬೇಕು. 'ಕೇಸ್ ಡೈರಿಯಲ್ಲಿ' ಅನ್ನೋ ಪದ ಹೊಸ ಸಂಹಿತೆಯಲ್ಲಿ ಸೇರಿದ್ದು. ಹಳೆಯದರಲ್ಲಿ ಬರೀ 'ಬರವಣಿಗೆಯಲ್ಲಿ' ಅಂತಿತ್ತು, ಹಾಗಾಗಿ ಬಿಡಿ ಹಾಳೆಯಲ್ಲಿ ಆಮೇಲೆ ಬರೆದು ಸೇರಿಸೋಕೆ ಜಾಗ ಇತ್ತು.

ಅಧಿಕಾರಿ ಸಾಧ್ಯವಾದಷ್ಟೂ ತಾನೇ ಹೋಗಬೇಕು. ಹೋಗೋಕಾಗದಿದ್ದರೆ ಯಾಕೆ ಆಗಲಿಲ್ಲ ಎಂದು ಬರೆದು, ಸ್ಥಳ ಮತ್ತು ವಸ್ತು ನಮೂದಿಸಿದ ಲಿಖಿತ ಆದೇಶವನ್ನು ಕೈಕೆಳಗಿನವರಿಗೆ ಕೊಡಬೇಕು. "ಸಾಹೇಬ್ರು ಫೋನ್‌ನಲ್ಲಿ ಹೇಳಿದ್ರು" ಅಂತ ಇಬ್ಬರು ಕಾನ್‌ಸ್ಟೇಬಲ್‌ಗಳು ಬಂದು ಬೀರು ತೆಗೆಸಿದರೆ ಅದು 185 ಅಲ್ಲ.

ಮುಗಿದ ಮೇಲೆ ಆ ದಾಖಲೆಗಳ ಪ್ರತಿಯನ್ನು ಕೂಡಲೇ, ಹೆಚ್ಚೆಂದರೆ 48 ಗಂಟೆಯೊಳಗೆ, ಹತ್ತಿರದ ಮ್ಯಾಜಿಸ್ಟ್ರೇಟ್‌ಗೆ ಕಳಿಸಬೇಕು. ಈ 48 ಗಂಟೆ ಕೂಡ ಹೊಸದು. ಮನೆಯ ಮಾಲೀಕ ಅಥವಾ ವಾಸ ಇರುವವರು ಅರ್ಜಿ ಕೊಟ್ಟರೆ ಅದರ ಪ್ರತಿಯನ್ನು ಮ್ಯಾಜಿಸ್ಟ್ರೇಟ್ ಉಚಿತವಾಗಿ ಕೊಡಬೇಕು. ಈ ಅರ್ಜಿ ಹಾಕುವವರು ತೀರಾ ಕಡಿಮೆ. ಪೊಲೀಸರು ಏನು ಬರೆದಿದ್ದಾರೆ, ನಿಜವಾಗಿ ಮೊದಲೇ ಬರೆದಿದ್ದರಾ ಅನ್ನೋದು ಬೇಗ ಗೊತ್ತಾಗೋ ದಾರಿ ಇದೊಂದೇ. ಆದರೂ ಯಾರಿಗೂ ನೆನಪಾಗಲ್ಲ.

ಸಪ್ತಾಪುರ_ವಕೀಲೆ

ಇದಕ್ಕ ಒಂದು ಸೇರಸ್ತೀನ್ರೀ. 'ತನಿಖೆ ಮಾಡುವ ಅಧಿಕಾರ ಇರುವ ಅಪರಾಧ' ಅಂದ್ರ ಏನು ಅನ್ನೋದು ಜನಕ್ಕ ಗೊತ್ತಿರಂಗಿಲ್ಲ. ಕಾಗ್ನಿಜಬಲ್ ಕೇಸಿದ್ರ ಪೊಲೀಸ್ರು ತಾವಾಗೇ ತನಿಖೆ ಮಾಡಬಹುದು. ನಾನ್ ಕಾಗ್ನಿಜಬಲ್ ಇದ್ರ ಸೆಕ್ಷನ್ 174ರ ಪ್ರಕಾರ ಮ್ಯಾಜಿಸ್ಟ್ರೇಟರ ಆದೇಶ ಇಲ್ಲದ ತನಿಖೆನ ಇಲ್ಲ. ತನಿಖೆನ ಇಲ್ಲ ಅಂದ ಮ್ಯಾಲೆ 185ನ್ಯಾಗ ಶೋಧ ಎಲ್ಲಿಂದ ಬಂತು? ಅದಕ್ಕ ಮನಿ ಬಾಗಿಲಿಗೆ ಬಂದಾಗ ಕೇಳಬೇಕಾದ ಮೊದಲನೇ ಪ್ರಶ್ನೆ "ವಾರಂಟ್ ಎಲ್ಲೈತಿ" ಅಲ್ಲ. "ಕ್ರೈಂ ನಂಬರ್ ಎಷ್ಟು, ಯಾವ ಸೆಕ್ಷನ್" ಅಂತ ಕೇಳ್ರಿ. ಆ ಉತ್ತರದ ಮ್ಯಾಲೆ ಎಲ್ಲಾ ನಿಂತಿರತದ.

ಬಾಯಿಮಾತಿನ ಅರ್ಜಿ, ನೆರಿಯವ್ರ ತಕರಾರು, ಗಂಡ ಹೆಂಡ್ತಿ ಜಗಳದ 'ವಿಚಾರಣೆ' ಅಂತ ಬಂದು ಕೋಣಿ ಕೋಣಿ ನೋಡೋದು ಯಾವ ಸೆಕ್ಷನ್ನಿನ್ಯಾಗೂ ಬರಂಗಿಲ್ಲ.

ಮಲೆನಾಡಿಗ_77

ಹಾಗಾದರೆ ಅರೆಸ್ಟ್ ವಾರಂಟ್ ಹಿಡಿದು ಬಂದವರು ಮನೆಯ ಬೀರು, ಡ್ರಾಯರ್ ಎಲ್ಲಾ ತೆಗೆಸಬಹುದಾ?

ನಾಲ್ಕನೇ_ಕೋರ್ಟ್‌ಹಾಲ್

@ಮಲೆನಾಡಿಗ_77 ಆಗಲ್ಲ. ಮನುಷ್ಯನಿಗಾಗಿ ಬಂದವರು ಮನುಷ್ಯ ಅಡಗಬಹುದಾದ ಕಡೆ ನೋಡಬಹುದು: ಕೋಣೆ, ಅಟ್ಟ, ಮಂಚದಡಿ, ದೊಡ್ಡ ಬೀರು. ಮೇಜಿನ ಡ್ರಾಯರಿನಲ್ಲಿ ಯಾರೂ ಅವಿತುಕೊಳ್ಳಲ್ಲ. ಆಸಾಮಿ ಸಿಕ್ಕ ಮೇಲೆ 49ರ ಅಡಿ ಅವನ ಮೈಮೇಲಿನ ಶೋಧ ಮಾಡಬಹುದು, ಅಷ್ಟೇ. ಮನೆಯ ಕಾಗದ ಪತ್ರ, ಲ್ಯಾಪ್‌ಟಾಪ್ ಬೇಕಿದ್ದರೆ ಮತ್ತೆ 185ರ ದಾಖಲೆ ಬೇಕು, ಇಲ್ಲವೇ 96ರ ವಾರಂಟ್. ಕಣ್ಣೆದುರಿಗೇ ಕಳವು ಮಾಲು ಅನ್ನಿಸುವಂಥದ್ದು ಬಿದ್ದಿದ್ದರೆ ಸೆಕ್ಷನ್ 106ರಲ್ಲಿ ಜಪ್ತಿ ಮಾಡುವ ಅಧಿಕಾರ ಬೇರೆ ಇದೆ. ಅದು ವಸ್ತು ಹಿಡಿಯುವ ಅಧಿಕಾರ, ಮನೆ ಹೊಗುವ ಅಧಿಕಾರ ಅಲ್ಲ. ಈ ಎರಡನ್ನೂ ಕಲಸಿಬಿಡೋದು ಮಾಮೂಲು.

ಸಪ್ತಾಪುರ_ವಕೀಲೆ

ಹೆಣ್ಮಕ್ಕಳ ವಿಷಯ ಯಾರೂ ಹೇಳಲಿಲ್ಲ, ಅದನ್ನೂ ಬರೀತೀನಿ.

ಸೆಕ್ಷನ್ 43ರ ಪ್ರಕಾರ ಸೂರ್ಯ ಮುಳುಗಿದ ಮ್ಯಾಲೆ, ಹುಟ್ಟೋಕಿಂತ ಮೊದಲು ಹೆಂಗಸರನ್ನ ದಸ್ತಗಿರಿ ಮಾಡಂಗಿಲ್ಲ. ಅಸಾಧಾರಣ ಸಂದರ್ಭ ಇದ್ರ ಮಹಿಳಾ ಅಧಿಕಾರಿನ ಲಿಖಿತ ವರದಿ ಕೊಟ್ಟು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ತಗೋಬೇಕು. ಇದು ದಸ್ತಗಿರಿ ನಿಯಮ ಮಾತ್ರ ನೋಡ್ರಿ. 'ರಾತ್ರಿ ಮನಿ ಶೋಧ ಮಾಡಬಾರದು' ಅನ್ನೋ ಸಾಮಾನ್ಯ ನಿಯಮ ಸಂಹಿತೆಯಾಗ ಇಲ್ಲ, ಜನ ಇದನ್ನ ಅದಕ್ಕ ಗಂಟು ಹಾಕ್ತಾರ.

44ರಾಗ ಇನ್ನೊಂದು ಅದ. ಸಂಪ್ರದಾಯದ ಪ್ರಕಾರ ಹೊರಗ ಬರದ ಹೆಣ್ಮಗಳು ಇರೋ ಕೋಣಿ ಇದ್ರ, ಬಾಗಿಲು ಮುರಿಯೋ ಮುಂಚೆ ಆಕಿಗೆ ಹೊರಗ ಹೋಗಾಕ ತಿಳಿಸಿ ಅವಕಾಶ ಕೊಡಬೇಕು, ಆಕೀನ ಆರೋಪಿ ಆಗಿರದಿದ್ರ. ಮೈ ಶೋಧ ಇದ್ರ ಹೆಂಗಸರನ್ನ ಹೆಂಗಸರ ನೋಡಬೇಕು, ಮರ್ಯಾದಿ ಕಾಪಾಡಿ. ಅದು 103ರಾಗ ಅದ.

ಗ್ರಾಹಕ_ಕಟ್ಟೆ

ಇದೆಲ್ಲಾ ಓದೋಕೆ ಚೆಂದ. ನಾನು ಹೇಳೋದು ಸಿಂಪಲ್: ವಾರಂಟ್ ಇಲ್ಲ ಅಂದ್ರೆ ಬಾಗಿಲಿಗೆ ಅಡ್ಡ ನಿಂತುಕೊಳ್ಳಿ, ಅದು ನಮ್ಮ ಹಕ್ಕು. ಸುಪ್ರೀಂ ಕೋರ್ಟೇ ಹೇಳಿದೆ.

ನಾಲ್ಕನೇ_ಕೋರ್ಟ್‌ಹಾಲ್

@ಗ್ರಾಹಕ_ಕಟ್ಟೆ ದಯವಿಟ್ಟು ಈ ಸಲಹೆ ಯಾರಿಗೂ ಕೊಡಬೇಡಿ ಸಾರ್. ನೀವು ಹೇಳ್ತಿರೋದು ಬಹುಶಃ 1960ರ ರಾಜಸ್ಥಾನ ಸರ್ಕಾರ ವಿರುದ್ಧ ರೆಹಮಾನ್ ತೀರ್ಪು. ಅಲ್ಲಿ ಅಬಕಾರಿ ಅಧಿಕಾರಿ ಕಾರಣ ಬರೆಯದೆ ಶೋಧಕ್ಕೆ ಹೋಗಿದ್ದರು, ಶೋಧವೇ ಕಾನೂನುಬಾಹಿರ ಆಯ್ತು, ಅಡ್ಡಿ ಮಾಡಿದ ಆರೋಪದಿಂದ ಬಿಡುಗಡೆ ಆಯ್ತು. 1963ರ ರಾಧಾಕಿಶನ್ ತೀರ್ಪಿನಲ್ಲೂ ಕ್ರಮ ತಪ್ಪಿದ ಶೋಧವನ್ನು ಮನೆಯವರು ವಿರೋಧಿಸಬಹುದೇನೋ ಅನ್ನೋ ಮಾತು ಇದೆ. ಸರಿ. ಆದರೆ ಬಾಗಿಲಲ್ಲಿ ನಿಂತ ನಿಮಗೆ ಕೇಸ್ ಡೈರಿಯಲ್ಲಿ ಕಾರಣ ಬರೆದಿದ್ದಾರೋ ಇಲ್ಲವೋ ಗೊತ್ತಾಗೋದು ಹೇಗೆ? ಕೇಸ್ ಡೈರಿಯನ್ನು ನಿಮಗೆ ತೋರಿಸಬೇಕಾಗಿಲ್ಲ.

ಇನ್ನು ಭಾರತೀಯ ನ್ಯಾಯ ಸಂಹಿತೆಯ (ಹಳೆಯ ಐಪಿಸಿ ಜಾಗಕ್ಕೆ ಬಂದದ್ದು) 37 ನೋಡಿ. ಸರ್ಕಾರಿ ನೌಕರ ತನ್ನ ಹುದ್ದೆಯ ನೆಲೆಯಲ್ಲಿ, ಸದುದ್ದೇಶದಿಂದ ಮಾಡಿದ ಕೆಲಸ ಕಾನೂನಿನ ಪ್ರಕಾರ ಕಟ್ಟುನಿಟ್ಟಾಗಿ ಸರಿ ಇಲ್ಲದಿದ್ದರೂ, ಪ್ರಾಣಕ್ಕೆ ಅಥವಾ ತೀವ್ರ ಗಾಯಕ್ಕೆ ಹೆದರುವ ಸ್ಥಿತಿ ಇಲ್ಲದಿದ್ದರೆ ಅದರ ವಿರುದ್ಧ ಆತ್ಮರಕ್ಷಣೆಯ ಹಕ್ಕು ಇಲ್ಲ. ಕೈ ಅಡ್ಡ ಹಾಕಿ ತಳ್ಳಿದರೆ 132, ಅಡ್ಡಿ ಮಾಡಿದರೆ 221 ಬೀಳುತ್ತೆ. ಹತ್ತು ವರ್ಷ ಆದ ಮೇಲೆ ಖುಲಾಸೆ ಆಗಬಹುದು. ಅಲ್ಲಿಯವರೆಗೆ ವಾಯಿದೆಗೆ ಓಡಾಡೋರು ಯಾರು? ಆಕ್ಷೇಪಣೆ ಬಾಯಲ್ಲಿ ಹೇಳಿ, ಬರೆದು ಕೊಡಿ, ಕ್ಯಾಮೆರಾ ಮುಂದೆ ಹೇಳಿ. ಮೈಕೈ ಮುಟ್ಟಬೇಡಿ.

ಗ್ರಾಹಕ_ಕಟ್ಟೆ

ಒಪ್ಪಿದೆ. ಆದರೆ ಕಾನೂನು ಮುರಿದು ಒಳಗೆ ಬಂದು ತಗೊಂಡು ಹೋದದ್ದು ಸಾಕ್ಷ್ಯ ಆಗಲ್ಲ ತಾನೇ? ಅಷ್ಟಾದರೂ ಇರಬೇಕಲ್ಲ.

ಠಾಣಾ_ಬರಹ

ಅದು ಅಮೆರಿಕದ ನಿಯಮ, ಇಂಗ್ಲಿಷ್ ಸೀರಿಯಲ್ ನೋಡಿ ಬಂದದ್ದು. ಇಲ್ಲಿ ಹಾಗಿಲ್ಲ. 1974ರ ಪೂರನ್‌ಮಲ್ ತೀರ್ಪಿನಿಂದ ಇವತ್ತಿನವರೆಗೂ ನಿಲುವು ಒಂದೇ: ಶೋಧ ಅಕ್ರಮ ಆದ ಮಾತ್ರಕ್ಕೆ ಸಿಕ್ಕ ವಸ್ತು ಸಾಕ್ಷ್ಯದಿಂದ ಹೊರಗೆ ಹೋಗಲ್ಲ. 2005ರ ಪಲ್ಟನ್ ಮಲ್ಲಾಹ್ ಪ್ರಕರಣದಲ್ಲೂ ಅದನ್ನೇ ಹೇಳಿದ್ದಾರೆ. ವ್ಯತ್ಯಾಸ ಆಗೋದು ತೂಕದಲ್ಲಿ. ಜಪ್ತಿಯನ್ನು ಕೋರ್ಟು ಹೆಚ್ಚು ಎಚ್ಚರದಿಂದ ನೋಡುತ್ತೆ, ಪಾಟೀಸವಾಲಿನಲ್ಲಿ ತನಿಖಾಧಿಕಾರಿ ಬೆವರ್ತಾರೆ. ವಸ್ತು ಅಲ್ಲೇ ಸಿಕ್ಕಿತು ಅನ್ನೋದರ ಮೇಲೆ ಅನುಮಾನ ಹುಟ್ಟಿದರೆ ಆರೋಪಿಗೆ ಲಾಭ.

ಆದರೆ ವಿಶೇಷ ಕಾನೂನುಗಳಲ್ಲಿ ಲೆಕ್ಕ ಬೇರೆ. ಅಲ್ಲಿ ಕಾರಣ ಬರೆಯದೇ ಇದ್ದರೆ ಕೇಸೇ ಬಿದ್ದುಹೋಗುತ್ತೆ.

ಸಪ್ತಾಪುರ_ವಕೀಲೆ

ಹೌದ್ರೀ, ಎನ್‌ಡಿಪಿಎಸ್, ಅಂದ್ರ ಮಾದಕ ವಸ್ತು ಕಾಯ್ದೆ, ಅದಕ್ಕ ಸರಿಯಾದ ಉದಾಹರಣಿ. ಸೆಕ್ಷನ್ 42ನ್ನ ಬಿಡಿಸಿ ನೋಡ್ರಿ.

ಅಧಿಕಾರ ಪಡೆದ ಅಧಿಕಾರಿ ಕಾನ್‌ಸ್ಟೇಬಲ್‌ಗಿಂತ ಮ್ಯಾಲಿನ ದರ್ಜೆಯವರು ಇರಬೇಕು. ಮಾಹಿತಿ ಬಂದ ಕೂಡ್ಲೆ ಬರೆದಿಡಬೇಕು. ಸೂರ್ಯೋದಯದಿಂದ ಸೂರ್ಯಾಸ್ತದ ತನಕ ವಾರಂಟ್ ಇಲ್ಲದ ಮನಿ ಹೊಕ್ಕಬಹುದು. ರಾತ್ರಿ ಹೊಕ್ಕೋದಾದ್ರ, ವಾರಂಟ್ ತರಾಕ ಹೋದ್ರ ಮಾಲು ಮುಚ್ಚಿಡ್ತಾರ ಅಥವಾ ಆರೋಪಿ ಓಡಿ ಹೋಗ್ತಾನ ಅನ್ನೋ ಕಾರಣ ಬೇರೆ ಬರೀಬೇಕು. ಬರೆದದ್ದರ ಪ್ರತಿ 72 ತಾಸಿನೊಳಗ ತಮ್ಮ ಮ್ಯಾಲಿನ ಅಧಿಕಾರಿಗೆ ಮುಟ್ಟಬೇಕು. 2009ರ ಕರ್ನೈಲ್ ಸಿಂಗ್ ಪ್ರಕರಣದಾಗ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳೇದ: ತುರ್ತಿನಾಗ ತಡಾ ಆದ್ರ, ಸರಿಯಾದ ವಿವರಣಿ ಇದ್ರ ನಡೀತದ, ಪೂರ್ತಿ ಬಿಟ್ಟುಬಿಟ್ರ ನಡೆಯಂಗಿಲ್ಲ.

ಇಲ್ಲಿ ಗೊಂದಲ ಆಗೋದು 42 ಮತ್ತು 50ರ ನಡುವ. 50 ಮೈ ಶೋಧಕ್ಕ ಮಾತ್ರ. ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದ ಶೋಧ ಮಾಡಿಸಿಕೊಳ್ಳೋ ಹಕ್ಕದು. ಅಟ್ಟದ ಮ್ಯಾಲಿನ ಚೀಲದಾಗ ಸಿಕ್ರ 50 ಹಿಡಕೊಂಡು ವಾದ ಮಾಡಿ ಉಪಯೋಗ ಇಲ್ಲ, 42 ನೋಡ್ರಿ. ಸುಮ್ಮಸುಮ್ಮನ ಮನಿ ಹೊಕ್ಕು ಕಾಡಿದ ಅಧಿಕಾರಿಗೆ ಅದೇ ಕಾಯ್ದೆಯ 58ರಾಗ ಆರು ತಿಂಗಳ ತನಕ ಶಿಕ್ಷಾನೂ ಅದ.

ನಾಲ್ಕನೇ_ಕೋರ್ಟ್‌ಹಾಲ್

ನಮ್ಮ ರಾಜ್ಯದ್ದೇ ಉದಾಹರಣೆ ಬೇಕಿದ್ದರೆ ಕರ್ನಾಟಕ ಅಬಕಾರಿ ಕಾಯ್ದೆ 1965ರ ಸೆಕ್ಷನ್ 54. ಅಕ್ರಮ ಮದ್ಯದ ಪ್ರಕರಣಗಳಲ್ಲಿ ಹಗಲು ರಾತ್ರಿ ಯಾವಾಗ ಬೇಕಾದರೂ ವಾರಂಟ್ ಇಲ್ಲದೆ ಶೋಧ ಮಾಡಬಹುದು, ಆದರೆ ವಾರಂಟ್ ತರಲು ಸಮಯ ಇಲ್ಲ ಅನ್ನೋ ನಂಬಿಕೆಯ ಕಾರಣವನ್ನು ಮೊದಲು ಬರೆಯಬೇಕು. 1979ರಲ್ಲಿ ಕೆ.ಎಲ್. ಸುಬ್ಬಯ್ಯ ಪ್ರಕರಣದಲ್ಲಿ ಆ ಕಾರಣ ಬರೆದಿರಲಿಲ್ಲ. ಇಡೀ ಶೋಧ ಕಾನೂನಿಗೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ ಶಿಕ್ಷೆ ರದ್ದು ಮಾಡಿತು. ಅಲ್ಲಿ ಶೋಧಿಸಿದ್ದು ಕಾರನ್ನು, ಮನೆಯನ್ನಲ್ಲ. ತತ್ವ ಎರಡಕ್ಕೂ ಒಂದೇ. ಅಂದಹಾಗೆ ಸಂಹಿತೆಯಲ್ಲಿ 'ಸ್ಥಳ' ಅನ್ನೋ ಪದಕ್ಕೆ ಮನೆ, ಕಟ್ಟಡ, ಡೇರೆ, ವಾಹನ, ಹಡಗು ಎಲ್ಲವೂ ಸೇರುತ್ತವೆ.

ಅನೈತಿಕ ವ್ಯವಹಾರ ತಡೆ ಕಾಯ್ದೆ 1956ರ 15ರಲ್ಲೂ ವಾರಂಟ್ ರಹಿತ ಶೋಧ ಇದೆ. ಅದು ವಿಶೇಷ ಪೊಲೀಸ್ ಅಧಿಕಾರಿ ಅಥವಾ ಟ್ರಾಫಿಕಿಂಗ್ (ಮಾನವ ಸಾಗಣೆ ತಡೆ) ಪೊಲೀಸ್ ಅಧಿಕಾರಿಗೆ ಮಾತ್ರ, ಪಂಚರಲ್ಲಿ (ಶೋಧಕ್ಕೆ ಸಾಕ್ಷಿಯಾಗಿ ಕರೆಸಿದವರಲ್ಲಿ) ಒಬ್ಬರಾದರೂ ಮಹಿಳೆ ಇರಬೇಕು, ಜೊತೆಗೆ ಕನಿಷ್ಠ ಇಬ್ಬರು ಮಹಿಳಾ ಪೊಲೀಸರು ಇರಬೇಕು. ಲಾಡ್ಜ್ ರೇಡ್‌ಗಳ ಕೇಸು ಬೀಳೋದು ಹೆಚ್ಚಾಗಿ ಇಲ್ಲೇ.

ಮಲೆನಾಡಿಗ_77

ಪಂಚರು ಅಂದ್ರೆ ಪೊಲೀಸರೇ ಕರಕೊಂಡು ಬರೋರು ತಾನೇ? ಅವರಿಗೂ ಠಾಣೆಗೂ ನಂಟು ಇದ್ದೇ ಇರುತ್ತೆ.

ಠಾಣಾ_ಬರಹ

ಕಾನೂನು ಹೇಳೋದು ಬೇರೆ. 103ರ ಪ್ರಕಾರ ಶೋಧ ಶುರು ಮಾಡುವ *ಮೊದಲು* ಆ ಪ್ರದೇಶದ ಇಬ್ಬರು ಅಥವಾ ಹೆಚ್ಚು ಸ್ವತಂತ್ರ, ಮರ್ಯಾದಸ್ಥ ನಿವಾಸಿಗಳನ್ನು ಕರೆಯಬೇಕು. ಸಿಗದಿದ್ದರೆ ಅಥವಾ ಬರಲು ಒಪ್ಪದಿದ್ದರೆ ಮಾತ್ರ ಬೇರೆ ಕಡೆಯವರು. ಲಿಖಿತ ಆದೇಶ ಕೊಟ್ಟರೂ ಸಕಾರಣ ಇಲ್ಲದೆ ನಿರಾಕರಿಸಿದರೆ ನ್ಯಾಯ ಸಂಹಿತೆಯ 222ರ ಅಡಿ ಅಪರಾಧ. ಸಮಸ್ಯೆ ಏನಂದ್ರೆ ಅಕ್ಕಪಕ್ಕದವರು ಕೋರ್ಟ್ ಅಲೆದಾಟಕ್ಕೆ ಹೆದರಿ ಬರಲ್ಲ, ಪೊಲೀಸರು ಲಿಖಿತ ಆದೇಶ ಕೊಡೋ ಗೋಜಿಗೆ ಹೋಗಲ್ಲ. ಠಾಣೆ ಎದುರಿನ ಅಂಗಡಿಯವನೇ ಹತ್ತು ಮಹಜರಿಗೆ (ಶೋಧ, ಜಪ್ತಿಯ ಲಿಖಿತ ದಾಖಲೆಗೆ) ಪಂಚ. ವಿಚಾರಣೆಯಲ್ಲಿ "ಠಾಣೆಯಲ್ಲೇ ಸಹಿ ಹಾಕಿದೆ" ಅಂದುಬಿಟ್ಟರೆ ಮಹಜರು ಅಲ್ಲೇ ಸತ್ತಂತೆ.

ಮನೆಯವರಿಗೆ ಇಲ್ಲಿ ಮೂರು ಹಕ್ಕು. ಮನೆಯಲ್ಲಿರುವವರು ಅಥವಾ ಅವರ ಪರವಾಗಿ ಒಬ್ಬರು ಶೋಧದ ಉದ್ದಕ್ಕೂ ಹಾಜರಿರಬಹುದು, ಹೊರಗೆ ಕೂರಿಸಿ ಒಳಗೆ ಹುಡುಕೋ ಹಾಗಿಲ್ಲ. ಜಪ್ತಿಯಾದ ಪ್ರತಿ ವಸ್ತು ಎಲ್ಲಿ ಸಿಕ್ಕಿತು ಅನ್ನೋದರ ಸಮೇತ ಪಟ್ಟಿ ಆಗಬೇಕು. ಪಂಚರ ಸಹಿ ಇರುವ ಆ ಪಟ್ಟಿಯ ಪ್ರತಿ ಅಲ್ಲೇ ಕೊಡಬೇಕು. "ನಾಳೆ ಠಾಣೆಗೆ ಬನ್ನಿ, ಕೊಡ್ತೀವಿ" ಅನ್ನೋದು ಮಾಮೂಲು ಉತ್ತರ. ಒಪ್ಪಬೇಡಿ, ಫೋಟೋ ಆದರೂ ತಗೊಳ್ಳಿ.

ಒಳಗೆ ಬರುವ ಮುಂಚೆ ಪಂಚರ ಮುಂದೆ ಪೊಲೀಸರ ಜೇಬು, ಬ್ಯಾಗು ತೋರಿಸಿ ಅಂತ ಕೇಳಬಹುದು. ಸೆಕ್ಷನ್‌ನಲ್ಲಿ ಬರೆದಿಲ್ಲ, ಒಳ್ಳೆಯ ರೂಢಿ. ಒಳ್ಳೆಯ ತನಿಖಾಧಿಕಾರಿ ಕೇಳದೆಯೇ ತೋರಿಸಿ ಮಹಜರಿನಲ್ಲಿ ಬರೆಸ್ತಾರೆ, ಅವರ ಕೇಸಿಗೂ ಅದೇ ರಕ್ಷಣೆ.

ಡಿಜಿಟಲ್_ದಫ್ತರ

ಹೊಸ ಸಂಹಿತೆಯ ದೊಡ್ಡ ಬದಲಾವಣೆ ಇನ್ನೂ ಬಂದಿಲ್ಲ ಇಲ್ಲಿ: ಸೆಕ್ಷನ್ 105. ಶೋಧ ಮತ್ತು ಜಪ್ತಿಯ ಇಡೀ ಪ್ರಕ್ರಿಯೆ, ಪಟ್ಟಿ ತಯಾರಿ ಮತ್ತು ಪಂಚರ ಸಹಿ ಸೇರಿ, ಆಡಿಯೋ ವಿಡಿಯೋ ದಾಖಲೆ ಆಗಬೇಕು. ಮೊಬೈಲ್ ಫೋನ್ ಆದರೂ ಸಾಕು. ಅದನ್ನು ತಡ ಮಾಡದೆ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗ ಮ್ಯಾಜಿಸ್ಟ್ರೇಟ್ ಅಥವಾ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್‌ಗೆ ಕಳಿಸಬೇಕು. 185ರಲ್ಲೂ ಇದೇ ಮಾತು ಮತ್ತೊಮ್ಮೆ ಇದೆ. ಇದಕ್ಕೆಂದೇ ಇ-ಸಾಕ್ಷ್ಯ ಅನ್ನೋ ಆ್ಯಪ್ ಇದೆ. ಸ್ಥಳ, ಸಮಯ ಅದರಲ್ಲೇ ದಾಖಲಾಗುತ್ತೆ.

ಎಲ್ಲಿ ಕೆಡುತ್ತೆ ಅಂದ್ರೆ: ವಸ್ತು ಸಿಕ್ಕ ಮೇಲೆ ವಿಡಿಯೋ ಶುರು ಮಾಡ್ತಾರೆ. ಬಾಗಿಲು ತಟ್ಟಿದ್ದು, ಒಳಗೆ ಹೋದದ್ದು, ಮೊದಲ ಕೋಣೆ ನೋಡಿದ್ದು ಯಾವುದೂ ಇರಲ್ಲ. ಇಲ್ಲವೇ ತುಣುಕು ತುಣುಕಾಗಿ ಇರುತ್ತೆ, ನಡುವಿನ ಹದಿನೈದು ನಿಮಿಷ ಎಲ್ಲಿ ಹೋಯ್ತು ಅನ್ನೋದಕ್ಕೆ ಉತ್ತರ ಇರಲ್ಲ. ಮನೆಯವರು ಕೇಳಬೇಕಾದ್ದು ಒಂದೇ: "ರೆಕಾರ್ಡಿಂಗ್ ಶುರು ಮಾಡಿ, ಆಮೇಲೆ ಒಳಗೆ ಬನ್ನಿ." ಈ ಮಾತು ವಿರೋಧ ಅಲ್ಲ, ಅವರದ್ದೇ ಸೆಕ್ಷನ್ ನೆನಪಿಸೋದು. ನೀವೂ ನಿಮ್ಮ ಫೋನ್‌ನಲ್ಲಿ ರೆಕಾರ್ಡ್ ಮಾಡಿ, ದೂರ ನಿಂತು, ಕೆಲಸಕ್ಕೆ ಅಡ್ಡ ಬರದ ಹಾಗೆ. ಮನೆಯ ಸಿಸಿಟಿವಿ ಇದ್ದರೆ ಅದೇ ದಿನ ಕಾಪಿ ತೆಗೆದಿಡಿ, ಕೆಲವು ದಿನಕ್ಕೆ ತಾನಾಗೇ ಅಳಿಸಿಹೋಗುತ್ತೆ.

ಫೋನ್, ಲ್ಯಾಪ್‌ಟಾಪ್ ವಿಚಾರಕ್ಕೆ 2021ರ ವೀರೇಂದ್ರ ಖನ್ನಾ ತೀರ್ಪು ಓದಿ, ನಮ್ಮ ಹೈಕೋರ್ಟಿನದ್ದೇ. ಫೋನ್ ಒಳಗೆ ಶೋಧ ಮಾಡೋಕೆ ಸಾಮಾನ್ಯವಾಗಿ ಕೋರ್ಟಿನ ವಾರಂಟ್ ಬೇಕು, ತುರ್ತು ಇದ್ದರೆ ಮಾತ್ರ ಕಾರಣ ಬರೆದು ಮುಂದುವರಿಯಬಹುದು ಅಂತ ಅದರಲ್ಲಿದೆ. ಬಾಗಿಲಲ್ಲೇ ಫೋನ್ ಕಿತ್ತುಕೊಂಡು ವಾಟ್ಸಾಪ್ ತಿರುವಿಹಾಕೋದು ಅದಕ್ಕೆ ಹೊಂದಲ್ಲ.

ಜಗಲಿಕಟ್ಟೆ

ಒಂದು ಸಂದರ್ಭ ಕೇಳ್ತೀನಿ. ಒಳಗಿನಿಂದ "ಕಾಪಾಡಿ" ಅಂತ ಕೂಗು. ನೆರೆಯವರು 112ಕ್ಕೆ ಫೋನ್ ಮಾಡಿದ್ದಾರೆ. ಎಫ್‌ಐಆರ್ ಇಲ್ಲ, ಕೇಸ್ ಡೈರಿ ಇಲ್ಲ, ಯಾರು ಆರೋಪಿ ಅಂತಾನೂ ಗೊತ್ತಿಲ್ಲ. ಆಗ?

ನಾಲ್ಕನೇ_ಕೋರ್ಟ್‌ಹಾಲ್

ಒಳ್ಳೆ ಪ್ರಶ್ನೆ. ಬ್ರಿಟನ್ನಿನ 1984ರ ಪೊಲೀಸ್ ಕಾಯ್ದೆಯಲ್ಲಿ 'ಜೀವ ಉಳಿಸಲು ಪ್ರವೇಶ' ಅಂತ ನೇರವಾಗಿ ಬರೆದಿದೆ. ನಮ್ಮಲ್ಲಿ ಅಂಥ ಒಂದೇ ಸಾಲಿನ ಸೆಕ್ಷನ್ ಇಲ್ಲ, ಜೋಡಿಸಿಕೊಳ್ಳಬೇಕು. ಕಾಗ್ನಿಜಬಲ್ ಅಪರಾಧ ಆಗದಂತೆ ಮಧ್ಯೆ ಪ್ರವೇಶಿಸುವುದು 168ರಲ್ಲಿ ಪೊಲೀಸರ ಕರ್ತವ್ಯ. ಕಣ್ಣೆದುರು ಕಾಗ್ನಿಜಬಲ್ ಅಪರಾಧ ನಡೆದರೆ 35ರಲ್ಲಿ ವಾರಂಟ್ ಇಲ್ಲದೆ ದಸ್ತಗಿರಿ ಮಾಡಬಹುದು, ದಸ್ತಗಿರಿ ಅಧಿಕಾರ ಬಂದ ಕೂಡಲೇ 44 ಕೂಡ ಬರುತ್ತೆ. ಹೆಚ್ಚಿನ ಹಾನಿ ತಪ್ಪಿಸಲು ಸದುದ್ದೇಶದಿಂದ ಮಾಡಿದ ಕೆಲಸಕ್ಕೆ ನ್ಯಾಯ ಸಂಹಿತೆಯ 19 ರಕ್ಷಣೆ ಕೊಡುತ್ತೆ. ಕೂಗು ಕೇಳಿ ಬಾಗಿಲು ಮುರಿದ ಪೊಲೀಸರನ್ನು ಯಾವ ಕೋರ್ಟೂ ದೂಷಿಸಲ್ಲ. ಆದರೆ ಕೂಗಿದವರು ಸುರಕ್ಷಿತ ಅಂತ ಖಾತ್ರಿ ಆದ ಮೇಲೆ ಅದೇ ನೆಪದಲ್ಲಿ ಬೀರು ತೆರೆದರೆ ಆ ರಕ್ಷಣೆ ಅಲ್ಲಿಗೆ ಮುಗೀತು.

ಇದಕ್ಕೆ ಹತ್ತಿರದ್ದು, ಆದರೆ ಬೇರೆ: ಯಾರನ್ನೋ ಕೂಡಿಹಾಕಿದ್ದಾರೆ ಅನ್ನೋ ದೂರು. ಅದಕ್ಕೆ ಸೆಕ್ಷನ್ 100ರಲ್ಲಿ ಮ್ಯಾಜಿಸ್ಟ್ರೇಟರ ಶೋಧನಾ ವಾರಂಟ್ ಇದೆ. ಮದುವೆಗೆ ಒಪ್ಪದ ಮಗಳನ್ನು ಮನೆಯಲ್ಲಿ ಕೂಡಿಹಾಕಿದಂಥ ಪ್ರಕರಣಗಳಲ್ಲಿ ತುರ್ತು ಇಲ್ಲದಿದ್ದರೆ ಆ ದಾರಿಯೇ ಭದ್ರ.

ಮಲೆನಾಡಿಗ_77

ರೌಡಿ ಶೀಟ್ ಇರೋರ ಮನೆಗೆ ನಡುರಾತ್ರಿ ಬಂದು ಎಬ್ಬಿಸಿ "ಮನೆಯಲ್ಲಿದ್ದಾನಾ" ಅಂತ ನೋಡ್ತಾರಲ್ಲ, ಅದು?

ಸಪ್ತಾಪುರ_ವಕೀಲೆ

ಅದನ್ನ ಖರಕ್ ಸಿಂಗ್ ಪ್ರಕರಣದಾಗನ ಮುಗಿಸ್ಯಾರ್ರೀ, 1962ರ ಡಿಸೆಂಬರ್‌ನ್ಯಾಗ. ಉತ್ತರ ಪ್ರದೇಶದ ಪೊಲೀಸ್ ನಿಯಮಾವಳಿಯ ರಾತ್ರಿ ಮನಿ ಭೇಟಿ ನಿಯಮವನ್ನ ಸುಪ್ರೀಂ ಕೋರ್ಟು ಹೊಡೆದು ಹಾಕಿತು. ಉಳಿದ ಕಣ್ಗಾವಲನ್ನ ಆಗ ಬಿಟ್ಟಿತ್ತು, ಖಾಸಗಿತನ ಮೂಲಭೂತ ಹಕ್ಕಲ್ಲ ಅಂತ ಬಹುಮತ ಹೇಳಿತ್ತು. ಆ ಭಾಗವನ್ನ 2017ರಾಗ ಒಂಬತ್ತು ನ್ಯಾಯಮೂರ್ತಿಗಳ ಪೀಠ ತಗದ್ಹಾಕ್ತು. ಆ ಅರ್ಜಿ ಹಾಕಿದವ್ರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವ್ರು. 2025ರಾಗ ಕೇರಳ ಹೈಕೋರ್ಟು ಸುದ್ದಾ, ಕಣ್ಗಾವಲು ಹೆಸರಿನ್ಯಾಗ ರಾತ್ರಿ ಬಾಗಿಲು ಬಡಿಯೋ ಹಕ್ಕು ಪೊಲೀಸರಿಗಿಲ್ಲ ಅಂದದ. ಅದು ಇಲ್ಲಿನ ಕೋರ್ಟಿಗೆ ಕಡ್ಡಾಯ ಅಲ್ಲ, ಆದ್ರ ವಾದಕ್ಕ ಭಾಳ ಉಪಯೋಗಕ್ಕ ಬರ್ತದ.

ಶೀಟ್ ಇರೋದು ಬ್ಯಾರೆ, ಇವತ್ತು ದಸ್ತಗಿರಿ ಮಾಡೋ ಕೇಸ್ ಇರೋದು ಬ್ಯಾರೆ. ಕೇಸ್ ಇದ್ರ 44 ಬರ್ತದ, ಬರೇ ಶೀಟ್ ಇದ್ರ ಬರಂಗಿಲ್ಲ.

ಬಾಡಿಗೆ_ಮನೆ

ಓನರ್ ಹತ್ರ ಇನ್ನೊಂದು ಕೀ ಇರುತ್ತೆ. ಅವರೇ ಪೊಲೀಸರಿಗೆ ತೆಗೆದುಕೊಟ್ಟರೆ? ಅಪಾರ್ಟ್‌ಮೆಂಟ್ ಸೆಕ್ಯುರಿಟಿ "ಮೇಲೆ ಹೋಗಿ ಸಾರ್" ಅಂದ್ರೆ?

ಠಾಣಾ_ಬರಹ

ಸೆಕ್ಯುರಿಟಿ ಗೇಟು ತೆಗೆದರೆ ಸಾಮಾನ್ಯ ಜಾಗಕ್ಕೆ ಬಂದ ಹಾಗೆ ಅಷ್ಟೇ, ನಿಮ್ಮ ಫ್ಲ್ಯಾಟಿಗಲ್ಲ. ಬಾಡಿಗೆ ಮನೆಯ ಸ್ವಾಧೀನ ಬಾಡಿಗೆದಾರರದ್ದು, 44 ಮತ್ತು 103 ಎರಡೂ 'ವಾಸವಿರುವವರು ಅಥವಾ ಉಸ್ತುವಾರಿ ಹೊಂದಿದವರು' ಅಂತಲೇ ಹೇಳುತ್ತವೆ. ಓನರ್ ಕೀ ಕೊಟ್ಟರು ಅನ್ನೋದು 185ರ ದಾಖಲೆಗೆ ಬದಲಿ ಆಗಲ್ಲ. ಬಾಡಿಗೆದಾರರ ಪರಿಶೀಲನೆಗೆ ಬಂದವರಿಗೆ ಗುರುತಿನ ಚೀಟಿ, ಕರಾರು ಪತ್ರ ಬಾಗಿಲಲ್ಲೇ ತೋರಿಸಬಹುದು, ಅದು ಮನೆ ಶೋಧ ಅಲ್ಲ.

"ಸಾರ್ ಒಳಗೆ ಬನ್ನಿ, ನೋಡ್ಕೊಳ್ಳಿ" ಅಂತ ನೀವೇ ಕರೆದರೆ ಮುಂದೆ ಪ್ರವೇಶವನ್ನು ಪ್ರಶ್ನಿಸೋದು ಕಷ್ಟ. ಒಪ್ಪಿಗೆ ಇಲ್ಲ ಅಂದ್ರೆ ಒಂದು ಸಾಲು ಸಾಕು: "ನನ್ನ ಒಪ್ಪಿಗೆ ಇಲ್ಲ, ಆದರೆ ಅಡ್ಡಿ ಮಾಡ್ತಿಲ್ಲ."

ಮಫ್ತಿಯಲ್ಲಿ ಬಂದಿದ್ದರೆ ಹೆಸರು, ದರ್ಜೆ, ಠಾಣೆ ಕೇಳಿ, ಬಾಗಿಲ ಚಿಲಕ ತೆಗೆಯೋ ಮುಂಚೆ ಠಾಣೆಗೋ 112ಕ್ಕೋ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ. ದಸ್ತಗಿರಿ ಮಾಡುವ ಅಧಿಕಾರಿ ಸ್ಪಷ್ಟವಾಗಿ ಕಾಣುವ ಹೆಸರಿನ ಗುರುತು ಧರಿಸಿರಬೇಕು ಅಂತ 36 ಹೇಳುತ್ತೆ.

ಡಿಜಿಟಲ್_ದಫ್ತರ

ಸಹಿ ಬಗ್ಗೆ ಒಂದು ಮಾತು. ಖಾಲಿ ಹಾಳೆಗೆ, ಅರ್ಧ ಬರೆದ ಮಹಜರಿಗೆ ಸಹಿ ಹಾಕಬೇಡಿ. ಪ್ರತಿ ತಗೊಂಡದ್ದಕ್ಕೆ ಸಹಿ ಕೇಳಿದರೆ 'ಪ್ರತಿ ಪಡೆದಿದ್ದೇನೆ' ಅಂತ ಬರೆದು ತಾರೀಖು, ಗಂಟೆ, ನಿಮಿಷ ಹಾಕಿ. ವಸ್ತು ಸಿಕ್ಕ ಜಾಗ ತಪ್ಪಾಗಿ ಬರೆದಿದ್ದರೆ ಅದನ್ನೂ ಅಲ್ಲೇ ಬರೆಯಿರಿ. ಮಹಜರಿನ ಕೊನೆಯಲ್ಲಿ 'ತಾನೇ ಇಟ್ಟಿದ್ದಾಗಿ ಒಪ್ಪಿಕೊಂಡರು' ಅಂತ ಒಂದು ಸಾಲು ನುಸುಳಿರುತ್ತೆ, ನೋಡಿ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯ ಅಧಿನಿಯಮದ 23ರ ಪ್ರಕಾರ ನಿಲ್ಲಲ್ಲ, ಅದರಿಂದ ಪತ್ತೆಯಾದ ಸಂಗತಿಗೆ ಸಂಬಂಧಿಸಿದಷ್ಟು ಮಾತ್ರ ಉಳಿಯುತ್ತೆ. ಆದರೂ ಆ ಸಾಲಿಗೆ ಸಹಿ ಹಾಕೋದು ಯಾಕೆ?

ಜಗಲಿಕಟ್ಟೆ

ಶೋಧ ಕ್ರಮ ತಪ್ಪಿ ಆಗಿಹೋಗಿದೆ ಅಂತಿಟ್ಟುಕೊಳ್ಳಿ. ಮುಂದೆ ಎಲ್ಲಿಗೆ ಹೋಗಬೇಕು?

ನಾಲ್ಕನೇ_ಕೋರ್ಟ್‌ಹಾಲ್

ಅವಸರದಲ್ಲಿ ಎಲ್ಲಾ ಕಡೆ ಅರ್ಜಿ ಎಸೆಯಬೇಡಿ, ಕ್ರಮ ಇದೆ.

ಮೊದಲ ಎರಡು ಮೂರು ದಿನದಲ್ಲಿ: ಬಂದ ಸಮಯ, ಹೋದ ಸಮಯ, ಎಷ್ಟು ಜನ, ಹೆಸರುಗಳು, ಒಯ್ದ ವಸ್ತು ಎಲ್ಲಾ ಬರೆದು ಎಸ್‌ಪಿ ಅಥವಾ ಕಮಿಷನರ್ ಕಚೇರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಮತ್ತು ಇಮೇಲ್‌ನಲ್ಲಿ ಕಳಿಸಿ. ಮುರಿದ ಬಾಗಿಲಿನ ಫೋಟೋ ರಿಪೇರಿಗೆ ಮುಂಚೆಯೇ ತೆಗೆಯಿರಿ. 48 ಗಂಟೆ ಕಳೆದ ಮೇಲೆ ಆ ವ್ಯಾಪ್ತಿಯ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ 185ರ ಅಡಿ ದಾಖಲೆಯ ಪ್ರತಿಗೆ ಅರ್ಜಿ ಹಾಕಿ, 105ರ ರೆಕಾರ್ಡಿಂಗ್ ಬಂದಿದೆಯಾ ಅಂತಲೂ ಅದರಲ್ಲೇ ಕೇಳಿ. ಏನೂ ಬಂದಿಲ್ಲ ಅನ್ನೋ ಹಿಂಬರಹವೇ ದೊಡ್ಡ ದಾಖಲೆ.

ಜಪ್ತಿಯಾದ ವಸ್ತು ಬೇಕಿದ್ದರೆ ಪಿ.ಎಫ್. ನಂಬರ್ (ಜಪ್ತಿ ವಸ್ತುವನ್ನು ಕೋರ್ಟಿಗೆ ವರದಿ ಮಾಡುವ ಪ್ರಾಪರ್ಟಿ ಫಾರ್ಮ್‌ನ ಸಂಖ್ಯೆ) ತಗೊಂಡು ನಾಗರಿಕ ಸುರಕ್ಷಾ ಸಂಹಿತೆಯ 497 ಅಥವಾ 503ರಲ್ಲಿ ಮಧ್ಯಂತರ ಬಿಡುಗಡೆಗೆ ಅರ್ಜಿ. ಪಿ.ಎಫ್. ನಂಬರೇ ಇಲ್ಲ ಅಂದ್ರೆ ವಸ್ತು ಕೋರ್ಟಿಗೆ ವರದಿಯಾಗಿಲ್ಲ ಅಂತ ಅರ್ಥ, ಅದು ಬೇರೆಯೇ ಗಂಭೀರ ವಿಷಯ.

ದುರ್ನಡತೆಗೆ ರಾಜ್ಯ ಪೊಲೀಸ್ ದೂರು ಪ್ರಾಧಿಕಾರ ಅಥವಾ ರಾಜ್ಯ ಮಾನವ ಹಕ್ಕುಗಳ ಆಯೋಗ. ಪರಿಹಾರ, ಕಾನೂನುಬಾಹಿರ ಅಂತ ಘೋಷಣೆ ಬೇಕಿದ್ದರೆ ಸಂವಿಧಾನದ 226ನೇ ವಿಧಿಯಲ್ಲಿ ಹೈಕೋರ್ಟ್. ನಿಮ್ಮ ಜಿಲ್ಲೆ ನೋಡಿ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠ.

ಖಾಸಗಿ ದೂರು ಹಾಕಿ ಪೊಲೀಸರ ಮೇಲೇ ಕೇಸ್ ಮಾಡ್ತೀನಿ ಅನ್ನೋರು ಒಂದು ಗೋಡೆ ನೆನಪಿಡಿ. ನ್ಯಾಯ ಸಂಹಿತೆಯ 198, 199, 329 ಎಲ್ಲಾ ಕಾಗದದ ಮೇಲೆ ಇವೆ. ಆದರೆ ಕರ್ನಾಟಕ ಪೊಲೀಸ್ ಕಾಯ್ದೆ 1963ರ 170ರ ಪ್ರಕಾರ ಕರ್ತವ್ಯದ ನೆಲೆಯಲ್ಲಿ ಮಾಡಿದ ಕೆಲಸಕ್ಕೆ ಸರ್ಕಾರದ ಪೂರ್ವಾನುಮತಿ ಬೇಕು. 2020ರ ದೇವರಾಜ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಧಿಕಾರ ಮೀರಿದ್ದರೂ ಕರ್ತವ್ಯದ ಜೊತೆ ಸಮಂಜಸ ನಂಟು ಇದ್ದರೆ ಆ ಅನುಮತಿ ಬೇಕೇ ಬೇಕು ಅಂದಿದೆ.

ಗ್ರಾಹಕ_ಕಟ್ಟೆ

ಅಂದ್ರೆ 105ರ ವಿಡಿಯೋ ಇಲ್ಲದಿದ್ದರೆ ಶೋಧ ರದ್ದಾಗುತ್ತಾ? ಅದನ್ನಾದರೂ ನೇರ ಹೇಳಿ.

ಸಪ್ತಾಪುರ_ವಕೀಲೆ

ಸೆಕ್ಷನ್ನಿನ್ಯಾಗ 'ಮಾಡತಕ್ಕದ್ದು' ಅಂತ ಅದ, ಮಾಡದಿದ್ರ ಏನಾಗ್ತದ ಅಂತ ಬರದಿಲ್ಲ. ತಾನಾಗೇ ರದ್ದು ಅಂತ ಹೇಳಾಕ ಬರಂಗಿಲ್ಲ. ಪಾಟೀಸವಾಲಿಗೆ ಮಾತ್ರ ಚಲೋ ಸರಕು: ಫೋನ್ ಇತ್ತು, ಆ್ಯಪ್ ಇತ್ತು, ಕಾನೂನು ಇತ್ತು, ಯಾಕ ತಗೀಲಿಲ್ಲ? ಜಾಮೀನು ಅರ್ಜಿಯಾಗ ಸುದ್ದಾ ಇದನ್ನ ಮೊದಲನೇ ಪ್ಯಾರಾದಾಗನ ಹಾಕ್ರಿ, ವಿಚಾರಣಿ ತನಕ ಇಟ್ಕೊಂಡು ಕುಂದರಬ್ಯಾಡ್ರಿ.